ಖೋ ಕೊಡುವವಳೇ ನಾಯಕಿ

ನಾಯಕತ್ವವೆಂದರೆ ಮುಂದೆ ನಿಂತು ಆಜ್ಞಾಪಿಸುವುದೆಂದು ನಮ್ಮ ಬಾಲಿಕೆಯರಲ್ಲಿ ಅನೇಕರು ಭಾವಿಸಿರುವರು. ಖೊಖೊ ಆಟವು ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸುತ್ತದೆ. ಎಂಟು ಮಂದಿ ಸಾಲಾಗಿ ಕುಳಿತಿರಲು ಒಂಬತ್ತನೆಯವಳು ಎದುರಾಳಿಯನ್ನು ಬೆನ್ನಟ್ಟುವಳು. ಓಡುವವಳು ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ. ಕುಳಿತವಳು ತಾನಾಗಿ ಏಳುವಂತಿಲ್ಲ. ತಕ್ಕ ಸಮಯದಲ್ಲಿ ಗೆಳತಿಯ ಬೆನ್ನು ಮುಟ್ಟಿ ‘ಖೋ’ ಎಂದು, ತಾನು ಅವಳ ಸ್ಥಾನದಲ್ಲಿ ಕುಳಿತುಕೊಳ್ಳುವವಳಿಂದಲೇ ತಂಡಕ್ಕೆ ಜಯ.

ಹಿಂದೊಮ್ಮೆ ನಾವು ಅತಿವೇಗವಾಗಿ ಓಡುವವಳನ್ನೇ ನಾಯಕಿಯನ್ನಾಗಿ ನೇಮಿಸಿದೆವು. ಅವಳು ಎಲ್ಲರನ್ನೂ ತಾನೇ ಮುಟ್ಟಬೇಕೆಂದು ಓಡಿ ದಣಿದಳು; ಉಳಿದವರು ಕುಳಿತೇ ಸೋತರು. ತಪ್ಪು ಬಾಲಿಕೆಯದಲ್ಲ, ನೇಮಿಸಿದ ನಮ್ಮದು. ಆದಕಾರಣ ನಾಯಕಿಯನ್ನು ಆಟಗಾರ್ತಿಯರೇ ಆರಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಸಮಯವರಿತು ಖೋ ಕೊಡುವವಳು ಯಾರೆಂಬುದು ಕುಳಿತವರಿಗೆ ಗೊತ್ತು. ಊರು, ಕುಲ, ಪರೀಕ್ಷೆಯ ಅಂಕಗಳು ಅಲ್ಲಿ ಗಣನೆಗೆ ಬಾರವು.

2025ನೆಯ ಇಸವಿ ಜನವರಿ 19ರಂದು ದೆಹಲಿಯಲ್ಲಿ, ಪ್ರಥಮ ಖೊಖೊ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ, ಪ್ರಿಯಾಂಕಾ ಇಂಗಳೆಯವರ ನಾಯಕತ್ವದ ಭಾರತದ ಮಹಿಳಾ ತಂಡವು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ನೆರೆಯ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆತಗೂರಿನ ಸುತ್ತಲಿನ ಹಳ್ಳಿಗಳಿಂದ ಬರುವ ನಮ್ಮ ಬಾಲಿಕೆಯರಿಗೆ ಆ ಅಂಗಳವು ದೂರವೇನಲ್ಲ.

ಶಿಷ್ಯರ ಪಾದಗಳನ್ನು ತೊಳೆದ ಕರ್ತನನ್ನು ಗುರುವೆಂದು ನಂಬಿದ ಶಾಲೆಯಲ್ಲಿ, ಎದ್ದು ಓಡುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಕುಳಿತುಕೊಳ್ಳುವುದನ್ನೂ ಕಲಿಯೋಣ.