ಅಗೆಯುವ ಮೊದಲು ಊರನ್ನು ಕೇಳಬೇಕು

ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಕಟ್ಟಿಸಿದ ಶಾಲೆಗೆ ದೂರದ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರಿಗೆ 27 ವಸತಿಗಳಿದ್ದವು ಎಂಬುದನ್ನು ಇತಿಹಾಸಕಾರರು ಮತ್ತೆ ಮತ್ತೆ ಹೇಳುತ್ತಾರೆ. ಅದೇ ಶಾಸನದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ. ಮನೆಯಲ್ಲಿ ಮದುವೆಯಾದರೆ, ಮುಂಜಿ ನಡೆದರೆ ಶಾಲೆಗೆ ಇಂತಿಷ್ಟು ಸಲ್ಲಬೇಕೆಂದು ಊರ ಮಹಾಜನರೇ ಗೊತ್ತುಮಾಡಿದ್ದರು. ಮಂತ್ರಿ ಕಟ್ಟಿಸಿದ, ಊರು ಸಾಕಿತು. ಇಂಥ ಊರುಗಳಿಗೆ ಇಂದು ಪುರಾತತ್ತ್ವವೆಂದರೆ ಬೇಲಿ ಮತ್ತು ಎಚ್ಚರಿಕೆಯ ಫಲಕ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ನಿಯಮ ಬೇಕು, ನಿಜ. ಆದರೆ ಪುರಾತತ್ತ್ವ ಇಲಾಖೆಯ ಮೊದಲ ಮಾತೇ ನಿಷೇಧವಾದರೆ ಎರಡನೆಯ ಮಾತಿಗೆ ಯಾರು ಕಿವಿಗೊಡುತ್ತಾರೆ? ಅಗೆಯುವ ಮೊದಲು ಊರನ್ನು ಕೇಳಬೇಕು. ಕಂಡದ್ದನ್ನು ಆ ಊರಿನ ಚಾವಡಿಯಲ್ಲೇ ಕನ್ನಡದಲ್ಲಿ ಹೇಳಬೇಕು. ವಿಜಯಪುರದ ವಕೀಲ ಫ. ಗು. ಹಳಕಟ್ಟಿ ಅವರು ಮನೆ ಮನೆಗೆ, ಮಠ ಮಠಕ್ಕೆ ಅಲೆದು, ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಕೇಳಿ ಪಡೆದು, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ನಂಬಿಕೆ ಗಳಿಸದೆ ಇದ್ದಿದ್ದರೆ ಆ ಕಟ್ಟುಗಳನ್ನು ಯಾರೂ ಬಿಚ್ಚಿ ತೋರಿಸುತ್ತಿರಲಿಲ್ಲ.

ಊರಿನವರು ಹೇಳುವುದು ಕಥೆ, ಅದು ಪುರಾವೆಯಲ್ಲ ಎಂಬ ಆಕ್ಷೇಪವಿದೆ. ಹಂಪಿಯ ಬಳಿಯ ಬೂದಿದಿಬ್ಬವನ್ನು ವಾಲಿಯ ಚಿತೆಯೆಂದು ಜನ ನಂಬಿದ್ದರು; ಅಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂದು ಅಗೆತ ತೋರಿಸಿತು. ಕಥೆ ಸೋತಿತು, ಒಪ್ಪೋಣ. ಆದರೆ ಆ ಸಗಣಿಯನ್ನು ಏಕೆ ಸುಟ್ಟರು ಎಂದು ಯೋಚಿಸುವಾಗ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ತಮ್ಮ 1963ರ ಪುಸ್ತಕದಲ್ಲಿ ಮೊರೆಹೋದದ್ದು ಹಬ್ಬದಲ್ಲಿ ದನಗಳನ್ನು ಬೆಂಕಿ ದಾಟಿಸುವ ಹಳ್ಳಿಯ ಆಚರಣೆಗಳಿಗೆ. ಮುದ್ದೇಬಿಹಾಳ, ಸಿಂದಗಿಗಳ ನೆರೆಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಅಗೆದದ್ದೂ ಇಂಥದೇ ದಿಬ್ಬವನ್ನು. ದನ ಕಾಯುವವರ ಬದುಕನ್ನು ಅರಿಯದವರಿಗೆ ಆ ಬೂದಿ ಬರಿಯ ಬೂದಿ. ಜಾಗ ತಿಳಿಸಿದರೆ ನಿಧಿಗಳ್ಳರು ಬರುತ್ತಾರೆ ಎಂಬ ಭಯವೂ ಸುಳ್ಳಲ್ಲ. ಆದರೆ ಅವರು ರಾತ್ರಿ ಬರುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿರುವುದು ಇಲಾಖೆಯಲ್ಲ, ಊರು. ತನ್ನ ಹೊಲದಂಚಿನ ಕಲ್ಲಿನ ಬೆಲೆ ಬಲ್ಲ ರೈತನಷ್ಟು ಗಟ್ಟಿ ಕಾವಲು ಇನ್ನೊಂದಿಲ್ಲ.

ಮಾತುಕತೆಯೆಂದರೆ ಒಪ್ಪಿಗೆಯ ರುಜು ಹಾಕಿಸಿಕೊಳ್ಳುವುದಷ್ಟೇ ಆಗಬಾರದು. ಬಸವನಬಾಗೇವಾಡಿಯಂಥ ನೆಲದಲ್ಲಿ ವಿದ್ವಾಂಸರ ತೀರ್ಮಾನ ಭಕ್ತರಿಗೆ ನೋವು ತರಬಹುದು. ಆಗಲೂ ಸಾಕ್ಷ್ಯವನ್ನು ಮುಚ್ಚಿಡಬಾರದು, ಎದುರು ಕುಳಿತು ವಿವರಿಸಬೇಕು. ಹಾಗೆಯೇ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿರುವ ನೀಲಾಂಬಿಕೆಯ ಐಕ್ಯಸ್ಥಳದಂತೆ ಇಂದಿಗೂ ಪೂಜೆ ನಡೆಯುವ ಜಾಗದಲ್ಲಿ ಊರು ‘ಬೇಡ’ ಎಂದರೆ ಗುದ್ದಲಿ ಕೆಳಗಿಡಬೇಕು. ಅದರಿಂದ ಒಂದಷ್ಟು ತಿಳಿವಳಿಕೆ ಕೈತಪ್ಪುತ್ತದೆ. ಆ ನಷ್ಟವನ್ನು ವಿದ್ವತ್ತು ಹೊರಲೇಬೇಕು.