ಕಾರ್ಡ್ ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿ

ಹಳೆಯ ಕಂಪ್ಯೂಟರಿನಲ್ಲಿ ಹೊಸ ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡ್ ಹುಡುಕುವವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಈ ದುಡ್ಡಿಗೆ ಸಿಗುವ ಅತಿ ವೇಗದ ಕಾರ್ಡ್ ಯಾವುದು?" ಅಂಗಡಿಯವರೂ ಯೂಟ್ಯೂಬಿನವರೂ ಉತ್ತರ ಕೊಡುವುದು ಇದಕ್ಕೇ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಕಂಪ್ಯೂಟರ್ ಎಂಥ ಕಾರ್ಡನ್ನು ತಾಳಿಕೊಳ್ಳುತ್ತದೆ? ಎರಡರ ನಡುವಿನ ಅಂತರ ಎಷ್ಟು ದುಬಾರಿಯಾಗಬಹುದು ಎಂಬುದನ್ನು ನೋಡಲು ಚೆನ್ನೈಯ ಉತ್ತರ ತುದಿಯ ಎಣ್ಣೂರಿನಂಥ ಊರನ್ನು ಗಮನಿಸಬೇಕು.

ಎಣ್ಣೂರಿನ ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಕೊಸಸ್ತಲೈ ನದಿ ಸಮುದ್ರ ಸೇರುವ ಅಳಿವೆ. 1970ರಲ್ಲಿ ಶುರುವಾದ ಹಳೆಯ ಉಷ್ಣ ವಿದ್ಯುತ್ ಸ್ಥಾವರ 2017ರಲ್ಲಿ ಮುಚ್ಚಿತು. ಆದರೂ ಸುತ್ತಲಿನ ಕಲ್ಲಿದ್ದಲು ಸ್ಥಾವರಗಳೂ ಬಂದರೂ ಬೂದಿಯ ಹೊಂಡಗಳೂ ಇದ್ದೇ ಇವೆ. ಗಾಳಿಯಲ್ಲಿ ಉಪ್ಪು, ತೇವ, ನುಣುಪಾದ ಬೂದಿ ಮೂರೂ ಬೆರೆತಿರುತ್ತವೆ. ಕಂಪ್ಯೂಟರಿನ ಫ್ಯಾನು ಎಳೆದುಕೊಳ್ಳುವುದು ಇದೇ ಗಾಳಿಯನ್ನು. ಬೂದಿ ತೇವದೊಡನೆ ಸೇರಿ ಹೀಟ್‌ಸಿಂಕಿನ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ, ಉಪ್ಪು ತಿರುಪುಗಳಿಗೆ ತುಕ್ಕು ಹಿಡಿಸುತ್ತದೆ. ಮೇ ತಿಂಗಳಲ್ಲಿ ಚೆನ್ನೈ ನಲವತ್ತು ಡಿಗ್ರಿ ದಾಟಿದಾಗ ಕೋಣೆಯ ಕಾವು ಎಷ್ಟು ಏರುತ್ತದೋ ಹೆಚ್ಚುಕಡಿಮೆ ಅಷ್ಟೇ ಕಾರ್ಡಿನ ಕಾವೂ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಕಾರ್ಡ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ದುಡ್ಡು ಕೊಟ್ಟು ತಂದ ವೇಗ ಆಗ ಕೈಗೆ ಸಿಗುವುದಿಲ್ಲ.

ಇಂಥ ಊರಿನ ಸಂಬಳದ ಮನೆಯೊಂದರಲ್ಲಿ ಇರಬಹುದಾದ ಕಂಪ್ಯೂಟರನ್ನು ಊಹಿಸಿಕೊಳ್ಳೋಣ. ಯಾವುದೋ ಕಚೇರಿಯಿಂದ ಹೊರಬಿದ್ದು ರಿಫರ್ಬಿಷ್ಡ್ ಎಂದು ಮಾರಾಟವಾದ, ನಾಲ್ಕನೇ ಅಥವಾ ಆರನೇ ತಲೆಮಾರಿನ ಇಂಟೆಲ್ ಐ5, ಎಂಟು ಜಿಬಿ ರ್‍ಯಾಮ್. ಮನೆಗೆಲ್ಲ ಇದೊಂದೇ. ಮಗಳ ಪ್ರಾಜೆಕ್ಟು, ಅಪ್ಪನ ಪಿಎಫ್ ಅರ್ಜಿ, ಮಗನ ಗೇಮು ಎಲ್ಲ ಇದರಲ್ಲೇ. ಗೇಮಿಗೆಂದು ಹಾಕಿದ ಕಾರ್ಡ್ ಇದನ್ನೇ ಸುಟ್ಟರೆ ನಷ್ಟ ಮಗನೊಬ್ಬನದಲ್ಲ.

ಸುಡುವ ಅಪಾಯ ಇರುವುದು ಎಸ್‌ಎಂಪಿಎಸ್‌ನಲ್ಲಿ. ಕಚೇರಿ ಕಂಪ್ಯೂಟರುಗಳ ಎಸ್‌ಎಂಪಿಎಸ್ ಸಾಮಾನ್ಯವಾಗಿ 300 ವಾಟ್‌ಗಿಂತ ಕಡಿಮೆ. ಹಲವದರಲ್ಲಿ ಕಾರ್ಡಿಗೆ ಬೇಕಾದ ಆರು ಪಿನ್ನಿನ ಕೇಬಲ್ಲೇ ಇರುವುದಿಲ್ಲ. ಮದರ್‌ಬೋರ್ಡಿನ ಸ್ಲಾಟ್ ಕೊಡಬಲ್ಲದ್ದು ಗರಿಷ್ಠ 75 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಹಾರ್ಡ್ ಡಿಸ್ಕಿನ ವೈರಿನಿಂದ ಅಡಾಪ್ಟರ್ ಎಳೆದು ಕರೆಂಟು ಕೊಡುವುದು ಸಾಹಸವಲ್ಲ, ಅವಿವೇಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಲ್ಲಿ ಇಲ್ಲಿ ಹಾಸಿಗೆಯೆಂದರೆ ಜೇಬಷ್ಟೇ ಅಲ್ಲ, ಎಸ್‌ಎಂಪಿಎಸ್ ಕೂಡ.

ಎರಡನೆಯದು ಸ್ಲಾಟಿನ ಸಂಗತಿ. 2022ರ ಜನವರಿಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6400 ಕೇವಲ 53 ವಾಟ್ ಕೇಳುತ್ತದೆ. ಮೇಲ್ನೋಟಕ್ಕೆ ಹಳೆಯ ಯಂತ್ರಕ್ಕೆಂದೇ ಮಾಡಿದಂತಿದೆ. ಆದರೆ ಅದು ಮದರ್‌ಬೋರ್ಡಿನೊಡನೆ ಮಾತಾಡುವುದು ನಾಲ್ಕೇ ಲೇನುಗಳಲ್ಲಿ. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಆ ನಾಲ್ಕು ಲೇನುಗಳು ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುತ್ತವೆ. 3.0ರಲ್ಲಿ ಅದು ಅರ್ಧವಾಗುತ್ತದೆ. ನಾಲ್ಕನೇ ತಲೆಮಾರಿನ ಅಗ್ಗದ ಎಚ್81 ಬೋರ್ಡುಗಳ 2.0 ಸ್ಲಾಟಿನಲ್ಲಿ ಉಳಿಯುವುದು 2 ಜಿಬಿ ಮಾತ್ರ. ನಾಲ್ಕು ಜಿಬಿಯ ಮೆಮೊರಿ ತುಂಬಿದ ಕೂಡಲೇ ಗೇಮ್ ತಡವರಿಸುವುದು ಇದರಿಂದ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೂ ಇಂಥದೇ ತೊಡಕು. ಅವು ಸರಿಯಾಗಿ ಓಡಲು ಬೇಕಾದ ರಿಸೈಜ಼ಬಲ್ ಬಾರ್ ಸೌಲಭ್ಯ ಇಂಥ ಹಳೆಯ ಕಚೇರಿ ಬೋರ್ಡುಗಳಲ್ಲಿ ಸಿಗುವುದಿಲ್ಲ.

ಹೆಸರುಗಳೂ ಮೋಸ ಮಾಡುತ್ತವೆ. "4 ಜಿಬಿ" ಎಂದು ದೊಡ್ಡದಾಗಿ ಬರೆದ ಜಿಟಿ 730, ಪರದೆಗೆ ಚಿತ್ರ ಕಳಿಸಲು ಸಾಕು, ಗೇಮಿಗೆ ಸಾಲದು. ಜಿಟಿ 1030ರಲ್ಲಿ ಡಿಡಿಆರ್4 ಮೆಮೊರಿಯದು, ಜಿಡಿಡಿಆರ್5 ಮೆಮೊರಿಯದಕ್ಕಿಂತ ಬಹಳ ನಿಧಾನ. ಹೆಸರು ಮಾತ್ರ ಒಂದೇ.

ಎಣ್ಣೂರಿನಿಂದ ಲೋಕಲ್ ರೈಲು ಹಿಡಿದು ಸೆಂಟ್ರಲ್‌ನಲ್ಲಿ ಇಳಿದರೆ ರಿಚಿ ಸ್ಟ್ರೀಟ್ ದೂರವಿಲ್ಲ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಚೆನ್ನೈಯವರಿಗೆ ಇದು ಹಾಗೆ. ಇಂಥ ಬೀದಿಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರ ವಾದ ಸರಳ: ಕೊಟ್ಟ ರೂಪಾಯಿಗೆ ಸಿಗುವ ಫ್ರೇಮ್ ಲೆಕ್ಕ ಹಾಕಿದರೆ ಹಳೆಯ ಆರ್‌ಎಕ್ಸ್ 580 ಹಲವು ಹೊಸ ಕಾರ್ಡುಗಳನ್ನು ಸೋಲಿಸುತ್ತದೆ. ಲೆಕ್ಕ ಸುಳ್ಳಲ್ಲ, ಪೂರ್ತಿಯೂ ಅಲ್ಲ. 2017ರ ಈ ಕಾರ್ಡ್ 185 ವಾಟ್ ತಿನ್ನುತ್ತದೆ. ಇಥೀರಿಯಂ ಮೈನಿಂಗ್ 2022ರ ಸೆಪ್ಟೆಂಬರಿನಲ್ಲಿ ನಿಂತಾಗ ಹಗಲೂ ರಾತ್ರಿ ದುಡಿದ ಇಂಥ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅದೇ ಹೆಸರಿನಡಿ 2304ರ ಬದಲು 2048 ಕೋರ್ ಇರುವುದನ್ನೂ ಮಾರುತ್ತಾರೆ. ಸೆಕೆಂಡ್ ಹ್ಯಾಂಡಿನ ಇನ್ನೊಂದು ನೆಚ್ಚಿನ ಕಾರ್ಡ್ ಜಿಟಿಎಕ್ಸ್ 1050 ಟಿಐ. ಅದರ ತಲೆಮಾರಿಗೆ ಹೊಸ ಗೇಮ್ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ಕೊನೆಗೊಳಿಸಿದೆ.

ಕರೆಂಟಿನ ಲೆಕ್ಕವನ್ನೂ ಮಾಡಬೇಕು. 185 ವಾಟಿನ ಕಾರ್ಡಿಗೂ 70 ವಾಟಿನ ಕಾರ್ಡಿಗೂ ವ್ಯತ್ಯಾಸ 115 ವಾಟ್. ದಿನಕ್ಕೆ ಮೂರು ಗಂಟೆಯಂತೆ ಅರವತ್ತು ದಿನಕ್ಕೆ ಸುಮಾರು 21 ಯೂನಿಟ್. ತಮಿಳುನಾಡಿನಲ್ಲಿ ಮನೆಗಳಿಗೆ ಬಳಕೆ ಏರಿದಂತೆ ದರವೂ ಏರುತ್ತದೆ. ಬಿಲ್ಲಿಗಿಂತ ಮುಖ್ಯ, ಆ 115 ವಾಟ್ ಅಷ್ಟೂ ಕಾವಾಗಿ ಅದೇ ಸಣ್ಣ ಕೋಣೆಗೆ ಬರುತ್ತದೆ. ಕಾವು ತೆಗೆಯಲು ಫ್ಯಾನು ಜೋರಾಗಿ ತಿರುಗುತ್ತದೆ, ಜೋರಾಗಿ ತಿರುಗಿದಷ್ಟೂ ಬೂದಿ ಹೆಚ್ಚು ಒಳಬರುತ್ತದೆ.

ಹಾಗಾಗಿ ಎಣ್ಣೂರಿನಂಥ ಕರಾವಳಿಯ ಊರಿನಲ್ಲಿ, ಇಂಥ ಕಂಪ್ಯೂಟರಿಗೆ, ಬೇರೆ ಕೇಬಲ್ ಬೇಡದ ತಂಪು ಕಾರ್ಡೇ ಸರಿಯಾದ ಆಯ್ಕೆ. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಅಂಥದು: 70 ವಾಟ್, ಎಂಟು ಲೇನು, ಹೊಸದಾದ್ದರಿಂದ ವಾರಂಟಿ. ಇದೇ ಹೆಸರಿನ 8 ಜಿಬಿ ಕಾರ್ಡ್ ಹೆಚ್ಚು ವೇಗದ್ದು, ಆದರೆ 130 ವಾಟ್ ಕೇಳುತ್ತದೆ. ಕೈಯಲ್ಲಿ ಅಷ್ಟಿಲ್ಲದಿದ್ದರೆ ಕೇಬಲ್ ಬೇಡದ ಜಿಟಿಎಕ್ಸ್ 1650 ಸಾಕು. ಅದಕ್ಕೆ ಹದಿನಾರು ಲೇನುಗಳಿರುವುದರಿಂದ ಹಳೆಯ ಬೋರ್ಡಿನಲ್ಲೂ ಉಸಿರು ಕಟ್ಟುವುದಿಲ್ಲ. ಕ್ಯಾಬಿನೆಟ್ ಸಪೂರವಾಗಿದ್ದರೆ ಲೋ ಪ್ರೊಫೈಲ್ ಮಾದರಿ ಎಂದೇ ಕೇಳಬೇಕು.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ. 8 ಜಿಬಿಯ ಆರ್‌ಎಕ್ಸ್ 6600 ಇವೆರಡಕ್ಕಿಂತ ಬಹಳ ವೇಗದ್ದು, ಸ್ವಲ್ಪ ಹೆಚ್ಚು ಸೇರಿಸಿದರೆ ಅದನ್ನೇ ಏಕೆ ಕೊಳ್ಳಬಾರದು? ಒಳ್ಳೆಯ ಕಂಪನಿಯ 450 ವಾಟಿನ ಎಸ್‌ಎಂಪಿಎಸ್ ಇದ್ದು, ಪ್ರೊಸೆಸರ್ ಇನ್ನೂ ಹೊಸ ತಲೆಮಾರಿನದಾದರೆ ಕೊಳ್ಳಲೇಬೇಕು. ನಾಲ್ಕು ಕೋರಿನ ಹಳೆಯ ಐ5ಗೆ ಅದನ್ನು ಜೋಡಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಪ್ರೊಸೆಸರ್ ಏದುಸಿರು ಬಿಡುವಾಗ ಕಾರ್ಡ್ ಸುಮ್ಮನೆ ಕಾಯುತ್ತಿರುತ್ತದೆ.

ಖರ್ಚಿಗೂ ಒಂದು ಕ್ರಮ ಇದೆ. ಮೊದಲು ಬ್ಲೋವರ್ ಹಿಡಿದು ಬೂದಿ ತೆಗೆಯುವುದು, ಪ್ರೊಸೆಸರಿನ ಥರ್ಮಲ್ ಪೇಸ್ಟ್ ಬದಲಿಸುವುದು. ಆಮೇಲೆ ರ್‍ಯಾಮನ್ನು ಹದಿನಾರು ಜಿಬಿಗೆ ಏರಿಸುವುದು, ಎಸ್‌ಎಸ್‌ಡಿ ಇಲ್ಲದಿದ್ದರೆ ಹಾಕಿಸುವುದು. ಕಾರ್ಡಿನ ಸರದಿ ಆನಂತರ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಅಂದರೆ ಈ ಯಂತ್ರದ ಆಯುಷ್ಯ ಹೇಗೂ ಹೆಚ್ಚಿಲ್ಲ. ನಾಳೆ ಬೇರೆ ಕಂಪ್ಯೂಟರ್ ಬಂದಾಗ ಅದಕ್ಕೆ ವರ್ಗಾಯಿಸಬಹುದಾದ, ಅಲ್ಲಿಯವರೆಗೆ ಇರುವುದನ್ನು ಸುಡದ ಕಾರ್ಡೇ ಬಡವರ ಮನೆಗೆ ಲಾಭ. ಹತ್ತು ಫ್ರೇಮ್ ಕಡಿಮೆಯಾದರೆ ಗೇಮಿನ ಸೆಟ್ಟಿಂಗನ್ನು ಹೈನಿಂದ ಮೀಡಿಯಂಗೆ ಇಳಿಸಬಹುದು. ಸುಟ್ಟ ಮದರ್‌ಬೋರ್ಡಿಗೆ ಅಂಥ ಸೆಟ್ಟಿಂಗ್ ಇಲ್ಲ.