ಮನಸ್ಸಿನ ಕಾಯಿಲೆಗೂ ವಿಮೆ ಉಂಟು



ಹಸುವಿಗೆ ವಿಮೆ ಮಾಡಿಸಿದವರು ಅದರ ಕಿವಿಯೋಲೆಯನ್ನು ಎಷ್ಟು ಜೋಪಾನ ಮಾಡುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಓಲೆ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬ ಷರತ್ತು ಡೇರಿಗೆ ಹಾಲು ಹಾಕುವ ಮನೆಗಳಿಗೆಲ್ಲ ಬಾಯಿಪಾಠ. ಆಲಿಕಲ್ಲು ಬಿದ್ದು ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬುದನ್ನೂ ಯಾರೂ ಮರೆಯುವುದಿಲ್ಲ. ಆದರೆ ಮನೆಮಂದಿಯ ಆರೋಗ್ಯಕ್ಕೆಂದು ಮಾಡಿಸಿದ ವಿಮಾಪತ್ರವನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟವರು ಮತ್ತೆ ಬಿಚ್ಚಿ ನೋಡುವುದು ಅಪರೂಪ.

ಒಂದು ಕೃಷಿ ಮೇಳದಲ್ಲಿ ಬಿತ್ತನೆ ಬೀಜದ ವಿಚಾರ ಕೇಳಲು ಬಂದಿದ್ದ ಹಿರಿಯ ರೈತರೊಬ್ಬರು ಮಾತಿನ ನಡುವೆ ಮಗನ ಸಂಗತಿ ತೆಗೆದರು. ಎರಡು ಕೊಳವೆಬಾವಿ ಕೈಕೊಟ್ಟ ಮೇಲೆ ಹುಡುಗ ಊಟ, ನಿದ್ರೆ ಬಿಟ್ಟು ಮೂಲೆ ಹಿಡಿದಿದ್ದನಂತೆ. ವೈದ್ಯರು ಖಿನ್ನತೆ ಎಂದು ಹೇಳಿ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಇದು ನಡೆದು ಎರಡು ತಿಂಗಳಾಗಿತ್ತು. ವಿಮೆ ಇತ್ತು. ಆದರೆ ಪಾಲಿಸಿ ಮಾಡಿಸಿಕೊಟ್ಟ ಏಜೆಂಟನು "ತಲೆಯ ಕಾಯಿಲೆಗೆ ಹಣ ಬರುವುದಿಲ್ಲ" ಎಂದದ್ದೇ ತಡ, ಇವರು ಅರ್ಜಿಯನ್ನೂ ಹಾಕದೆ ಎಮ್ಮೆ ಮಾರಿ ಬಿಲ್ಲು ಕಟ್ಟಿದರು. ಮಗನಿಗೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಒಂದು ಬಾಯಿಮಾತಿಗೆ ಇವರು ಹಿಂದಿರುಗುತ್ತಿದ್ದರೇ? ಊರಿಗೆ ಗೊತ್ತಾದೀತೆಂಬ ನಾಚಿಕೆಯೇ ಅವರನ್ನು ಸುಮ್ಮನಾಗಿಸಿತೆಂದು ನನ್ನ ಎಣಿಕೆ.

ಏಜೆಂಟನು ಹೇಳಿದ್ದು ತಪ್ಪು. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಕಾಯಿದೆ, 2017, ಅದು 2018ರ ಮೇ 29ರಂದು ಜಾರಿಗೆ ಬಂದಿತು. ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತಾರೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಕೊಡತಕ್ಕದ್ದು ಎಂದು ಅದರ 21ನೆಯ ಕಲಂ ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿಯೇ ಕಂಪನಿಗಳಿಗೆ ಹೀಗೆ ನಡೆಯುವಂತೆ ಸೂಚಿಸಿತು. 2022ರ ಅಕ್ಟೋಬರ್‌ನಲ್ಲಿ ಆ ತಿಂಗಳ 31ರ ಗಡುವು ಹಾಕಿ ಮತ್ತೊಮ್ಮೆ ಹೇಳಬೇಕಾಯಿತು. ನಾಲ್ಕು ವರ್ಷದ ಮೇಲೆ ಅದೇ ಮಾತು ಹೇಳಬೇಕಾಗಿ ಬಂದದ್ದರಿಂದ ಕಂಪನಿಗಳ ಉತ್ಸಾಹ ಎಷ್ಟಿತ್ತೆಂದು ನೀವೇ ಊಹಿಸಿಕೊಳ್ಳಿ. ನಡುವೆ, 2021ರಲ್ಲಿ, ಮನೋರೋಗವೆಂಬ ಕಾರಣಕ್ಕೆ ಹಣ ನಿರಾಕರಿಸಲಾಗಿದ್ದ ರೋಗಿಯೊಬ್ಬರಿಗೆ ದೆಹಲಿ ಉಚ್ಚ ನ್ಯಾಯಾಲಯ ಹಣ ಕೊಡಿಸಿತು.

ಆದರೆ "ಸಮಾನ" ಎಂಬ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಸಾಮಾನ್ಯ ಪಾಲಿಸಿಗಳಲ್ಲಿ ಕನಿಷ್ಠ 24 ಗಂಟೆ ಒಳರೋಗಿಯಾಗಿದ್ದರೆ ಮಾತ್ರ ಹಣ. ಮನಸ್ಸಿನ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಹಾಸಿಗೆ ಬೇಕಿಲ್ಲ. ವಾರಕ್ಕೊಮ್ಮೆ ತಜ್ಞರ ಎದುರು ಕುಳಿತು ಒಂದು ಗಂಟೆ ಮಾತನಾಡುವುದು, ಮಾತ್ರೆ ತಪ್ಪಿಸದೆ ನುಂಗುವುದು, ಇಷ್ಟೇ ಚಿಕಿತ್ಸೆ. ಇದೆಲ್ಲ ಹೊರರೋಗಿಯ ಲೆಕ್ಕಕ್ಕೆ ಹೋಗುವುದರಿಂದ ವಿಮೆ ಕೈಕಟ್ಟಿ ಕೂರುತ್ತದೆ. ರೋಗ ಚಿಕ್ಕದಿರುವಾಗ ಕಾಸು ಕೊಡದೆ, ಉಲ್ಬಣಿಸಿ ಆಸ್ಪತ್ರೆ ಸೇರಿದ ಮೇಲೆ ಸಾವಿರಗಟ್ಟಲೆ ಕೊಡುವ ಈ ಪದ್ಧತಿ, ಹುಳು ಕಂಡಾಗ ಸುಮ್ಮನಿದ್ದು ಬೆಳೆಯೆಲ್ಲ ಹೋದ ಮೇಲೆ ಔಷಧಿ ಹೊಡೆದಂತೆ. ಸಮಾಲೋಚನೆಯ ಶುಲ್ಕವನ್ನೂ ವಿಮೆಯೊಳಗೆ ತರಲೇಬೇಕು. ಸದ್ಯಕ್ಕೆ ಪಾಲಿಸಿ ಕೊಳ್ಳುವಾಗ ಹೊರರೋಗಿ ಚಿಕಿತ್ಸೆ ಸೇರಿದೆಯೇ ಎಂದು ಕೇಳಿ, ಪತ್ರದಲ್ಲಿ ಎಲ್ಲಿದೆಯೆಂದು ತೋರಿಸಿಕೊಳ್ಳಿ.

ಹಿಂದೆ ಚಿಕಿತ್ಸೆ ಪಡೆದಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಹೇಳಿಕೊಂಡರೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾದೀತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಕಟ್ಟಿದ ಕಂತೂ ವ್ಯರ್ಥ.

ಖಾಸಗಿ ವಿಮೆ ಇಲ್ಲದವರು ಕೈಚೆಲ್ಲಬೇಕಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯ ಚಿಕಿತ್ಸೆಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳೂ ಇವೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕಾರ್ಡು ಕೈಯಲ್ಲಿರಲಿ ಇಲ್ಲದಿರಲಿ, ಸರ್ಕಾರಿ ಮಾನಸಿಕ ಚಿಕಿತ್ಸಾ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆ ಪಡೆಯುವ ಹಕ್ಕನ್ನು ಇದೇ ಕಾಯಿದೆ ಕೊಟ್ಟಿದೆ. ದೇಶದಲ್ಲೆಲ್ಲ ಹರಡಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ ಎಂಬುದನ್ನೂ ಇಲ್ಲಿ ನೆನೆಯಬಹುದು. ಮೊದಲು ಯಾರೊಡನಾದರೂ ಮಾತನಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ 2022ರಿಂದ ಇದೆ, ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಕಂಪನಿ ಹಣ ಕೊಡುವುದಿಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅದಿಲ್ಲದೆ ಮುಂದಿನ ಹೆಜ್ಜೆ ಕಷ್ಟ. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಆ ಹಿರಿಯರನ್ನು ಆಸ್ಪತ್ರೆಯ ಕಾಗದಗಳಿವೆಯೇ ಎಂದು ಕೇಳಿದೆ. ಬಿಲ್ಲು, ಬಿಡುಗಡೆ ಚೀಟಿ ಎರಡನ್ನೂ ಸೊಸೈಟಿ ಪಾಸುಬುಕ್ಕಿನೊಳಗೆ ಮಡಿಸಿಟ್ಟಿದ್ದರು. ಮಳಿಗೆಯ ಮೇಜಿನ ಮೇಲೆಯೇ ಅರ್ಜಿ ಬರೆದುಕೊಟ್ಟೆ. ತಡವಾದದ್ದಕ್ಕೆ ಕಾರಣವನ್ನೂ ಅದರಲ್ಲೇ ಸೇರಿಸಿದೆವು. ಕಾಯಿಲೆಯ ಹೆಸರನ್ನು ಮಾತ್ರ ಅವರೇ ತಮ್ಮ ಕೈಯಿಂದ ಬರೆದರು.